ಎಲೆಕ್ಟ್ರಾನ್ ಕಾಯ್ದ ಮಾವ

ನಮ್ಮ ಮಾವನ ಮನೆತನದಲ್ಲಿ ಎಲ್ಲರೂ ಕುರಿ ಕಾಯ್ದರು. ಮಾವ ಒಬ್ಬರು ಮಾತ್ರ ಎಲೆಕ್ಟ್ರಾನ್ ಕಾಯ್ದರು. ಕುರಿ ಕಾಯ್ದವರಿಗೆ ಹಾಲು ಸಿಕ್ಕಿತು, ಉಣ್ಣೆ ಸಿಕ್ಕಿತು, ಚಳಿಗೆ ಹೊದೆಯಲು ಕಂಬಳಿ ಸಿಕ್ಕಿತು. ಎಲೆಕ್ಟ್ರಾನ್ ಕಾಯ್ದ ಮಾವನಿಗೆ ಏನು ಸಿಕ್ಕಿತು ಎನ್ನುತ್ತೀರಾ? ಒಂಬತ್ತು ವರ್ಷದ ಕೊನೆಗೆ ಒಂದು ಸಂಖ್ಯೆ ಸಿಕ್ಕಿತು. ಅದನ್ನೂ ಅವರು ಇವತ್ತಿನವರೆಗೆ ನಮಗೆ ಯಾರಿಗೂ ಹೇಳಿಲ್ಲ!

ಮಾವ ಎಂದರೆ ನಮ್ಮ ಅಕ್ಕನ ಗಂಡ. ಮನೆ ತೆಲುಗು ಸೀಮೆಯ ಗಡಿಯೂರು ಮಕ್ತಲಿನಲ್ಲಿ, ಕೆಲಸ ನಾರಾಯಣಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವುದು. ನಾನು ಅವರ ಮನೆಯ ಎದುರಿಗೇ ಒಂದು ಕೋಣೆ ಹಿಡಿದು, ಕನ್ನಡ ಶಾಲೆಯಲ್ಲಿ ಅ ಆ ಇ ಈ ಕಲಿಸುವ ಮಾಸ್ತರ. ಅದು ಸಂಬಳದ ಕೆಲಸ. ನನ್ನ ನಿಜವಾದ ಕಸುಬು ಚಿಂತೆ ಮಾಡುವುದು. ಬೇರೆಯವರು ಬೆಳಿಗ್ಗೆ ಎದ್ದು ಚಹಾ ಕುಡಿದು ಆಮೇಲೆ ಚಿಂತೆಗೆ ಕೂರುತ್ತಾರೆ. ನಾನು ಹಾಲು ಒಡೆದಿದ್ದರೆ ಗತಿಯೇನು ಎಂದು ಹಾಸಿಗೆಯಲ್ಲೇ ಶುರು ಮಾಡಿರುತ್ತೇನೆ.

ಮಾವ ನಲವತ್ತು ದಾಟಿದ ಮೇಲೆ, ತಲೆಗೂದಲು ಅರ್ಧ ಖರ್ಚಾದ ಮೇಲೆ, ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್‌.ಡಿ.ಗೆ ಸೇರಿಕೊಂಡರು. ವಿಷಯ ಕ್ವಾಂಟಮ್ ಡಾಟ್, ಅಂದರೆ ಎಲೆಕ್ಟ್ರಾನ್ ಕೂಡಿಹಾಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ. ರಜೆ ಬಂದರೆ ಹೈದರಾಬಾದು, ರಜೆ ಮುಗಿದರೆ ಮಕ್ತಲು. ಹಬ್ಬದ ದಿನ ನಮ್ಮ ಅಕ್ಕ ಹೋಳಿಗೆ ಮಾಡಿಟ್ಟುಕೊಂಡು ದಾರಿ ನೋಡುವಾಗ ಇವರು ಅಲ್ಲಿ ಚುಕ್ಕೆಯ ಮುಂದೆ ಕೂತಿರುತ್ತಿದ್ದರು.

"ಅಕ್ಕನ ಮುಖಾ ನೋಡಾಕೂ ಪುರುಸೊತ್ತಿಲ್ಲಲ್ಲರಿ ಮಾವ, ಏನೈತಿ ಅಂಥಾದ್ದು ಆ ಚುಕ್ಕ್ಯಾಗ?" ಎಂದು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ.

ಮಾವ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ಅವರ ಅವ್ವನ ದೊಡ್ಡಿಯ ಮುಂದೆ ನಿಲ್ಲಿಸಿದರು.

ಮಾವನ ತಾಯಿ ನಮಗೆಲ್ಲರಿಗೂ ಅವ್ವ. ಆಕೆಯ ದೊಡ್ಡಿಗೆ ಸುತ್ತಲೂ ಜಾಲಿಮುಳ್ಳಿನ ಬೇಲಿ, ಬೇಲಿಗೊಂದು ಕಂಡಿ. ಕಂಡಿಯ ಅಗಲ ಸರಿಯಾಗಿ ಒಂದು ಕುರಿಯಷ್ಟು. ಸಂಜೆ ಹಿಂಡು ಬಂದು ಕಂಡಿಯ ಮುಂದೆ ಒತ್ತರಿಸಿ ನಿಲ್ಲುತ್ತದೆ. ಅವ್ವ ಕಂಡಿಗೆ ಅಡ್ಡವಾಗಿ ಕೋಲು ಹಿಡಿದಿರುತ್ತಾಳೆ. ಕೋಲು ಎತ್ತಿದಳೆಂದರೆ ಒಂದು ಕುರಿ ಒಳಗೆ. ಕೋಲು ಇಳಿಯಿತು. ಮತ್ತೆ ಎತ್ತಿದಳು, ಇನ್ನೊಂದು. ಆಕೆಯ ಸೊಂಟದಲ್ಲಿ ಎರಡು ಬಟ್ಟೆ ಚೀಲ: ಒಂದು ಅಡವಿಯ ಚೀಲ, ಒಂದು ಮನೆಯ ಚೀಲ. ಚೀಲದಲ್ಲಿ ಕೃಷ್ಣೆಯ ದಂಡೆಯಿಂದ ತಂದ ಹುಣಸೆಬೀಜದಷ್ಟು ನುಣ್ಣನೆಯ ಕಲ್ಲುಗಳು. ಬೆಳಿಗ್ಗೆ ಕುರಿಯೊಂದು ಹೊರಗೆ ಹೋದರೆ ಮನೆಯ ಚೀಲದ ಕಲ್ಲೊಂದು ಅಡವಿಯ ಚೀಲಕ್ಕೆ. ಸಂಜೆ ಕುರಿ ಒಳಗೆ ಬಂದರೆ ಕಲ್ಲೂ ಮನೆಯ ಚೀಲಕ್ಕೆ. ಅಡವಿಯ ಚೀಲ ಖಾಲಿಯಾಯಿತೆಂದರೆ ಎಲ್ಲವೂ ಬಂದವು. ಮರಿ ಹುಟ್ಟಿದರೆ ಒಂದು ಕಲ್ಲು ಹೆಚ್ಚು, ಕುರಿ ಸತ್ತರೆ ಒಂದು ಕಲ್ಲು ಕಡಿಮೆ. ಒಟ್ಟು ಎಷ್ಟು ಎಂದು ಎಣಿಸುವ ಅಗತ್ಯವೇ ಬೀಳುವುದಿಲ್ಲ. ಎಣಿಸಲೂಬಾರದು, ಎಣಿಸಿದರೂ ಬಾಯಿ ಬಿಟ್ಟು ಹೇಳಬಾರದು. ಹೇಳಿದರೆ ಹಿಂಡು ಕರಗುತ್ತದೆ ಎಂದು ಆ ಮನೆಯ ನಂಬಿಕೆ. ಒಮ್ಮೆ ಜಾನುವಾರು ಲೆಕ್ಕ ಬರೆದುಕೊಳ್ಳಲು ಬಂದ ಸರ್ಕಾರದ ಮನುಷ್ಯ ತೆಲುಗಿನಲ್ಲಿ, "ಎನ್ನಿ ಗೊರ್ರೆಲುನ್ನಾಯ್ ಅವ್ವಾ?" ಎಂದು ಕುರಿಗಳ ಲೆಕ್ಕ ಕೇಳಿದ್ದ. "ಉನ್ನನ್ನಿ ಉನ್ನಾಯ್ ಬಿಡ್ಡಾ" ಎಂದಳು ಅವ್ವ. ಇದ್ದಷ್ಟು ಅದಾವ ಮಗಾ, ಅಷ್ಟೇ. ಅವನು ಕಾಗದದಲ್ಲಿ ಏನು ತುಂಬಿಕೊಂಡು ಹೋದನೋ ಮನೆದೇವರು ಬೀರಪ್ಪನಿಗೇ ಗೊತ್ತು.

"ನೋಡಿದ್ಯಾ?" ಎಂದರು ಮಾವ. "ಇದ ನನ್ನ ಚುಕ್ಕಿ. ಕೂದಲಾ ಸೀಳಿ ಸಾವಿರ ಮಾಡಿದ್ರ ಒಂದು ಎಳಿ ಎಷ್ಟು ಬರತೈತಿ, ಅಷ್ಟ ಅಗಲದ ದೊಡ್ಡಿ. ಬೇಲಿ ಮುಳ್ಳಿಂದಲ್ಲ, ಕರೆಂಟಿಂದು. ಎಲೆಕ್ಟ್ರಾನ್ ಒಂದೊಂದ ಒಳಗ ಬರತಾವ. ಒಂದು ಒಳಗ ಹೋಗಿ ಕೂತ್ರ ಅದರ ಚಾರ್ಜು ಎರಡನೇದ್ದನ್ನ ಬರಗೊಡಂಗಿಲ್ಲ, ದೂರ ತಳ್ಳತೈತಿ. ನಾನು ಗೇಟಿನ ವೋಲ್ಟೇಜು ಜರಾ ತಿರುವಿದ್ರ, ಕೋಲು ಎತ್ತಿದಂಗ, ಮತ್ತೊಂದು ಒಳಗ. ಆಮ್ಯಾಲ ಮತ್ತ ಬಂದ್."

"ಬೇಲಿ ಹಾರಿ ಬರಂಗಿಲ್ಲೇನ್ರಿ?"

"ಹಾರಂಗಿಲ್ಲ. ಬೇಲ್ಯಾಗಿಂದನ ತೂರಿ ಬರತಾವ. ಬೇಲಿಗೆ ತೂತೂ ಬೀಳಂಗಿಲ್ಲ."

ಇದನ್ನು ಕೇಳಿದ ಮೇಲೆ ನನ್ನ ಕೋಣೆಯ ಬಾಗಿಲಿಗೆ ಹಾಕುವ ಬೀಗದ ಮೇಲೆ ನನಗೆ ಇದ್ದ ಅಲ್ಪಸ್ವಲ್ಪ ನಂಬಿಕೆಯೂ ಹೋಯಿತು.

ಅಲ್ಲಿಂದ ಮುಂದೆ ಮಾವನಿಗೆ ಜಗತ್ತಿನಲ್ಲಿ ಕಂಡದ್ದೆಲ್ಲ ಚುಕ್ಕೆಯೇ. ಒಂದು ಸಂತೆಯ ದಿನ ಮಕ್ತಲಿನ ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸಿಗೆ ಜನ ಮುತ್ತಿಕೊಂಡಿದ್ದರು. ಕಿಟಕಿಯಲ್ಲಿ ಟವೆಲ್ಲು, ಬಾಗಿಲಲ್ಲಿ ಮೊಣಕೈ. ಮಾವನಿಗೆ ಈ ಅಶಿಸ್ತು ಸಹಿಸಲಾಗಲಿಲ್ಲ. ತಮ್ಮ ಛತ್ರಿಯನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತೇಬಿಟ್ಟರು. "ಒಬ್ಬರ ಹಿಂದ ಒಬ್ಬರು ಬರ್ರಿ. ಒಬ್ಬರು ಕೂತ ಮ್ಯಾಲ ಇನ್ನೊಬ್ಬರು." ಕಂಡಕ್ಟರ್ "ನುವ್ವೆವರಯ್ಯಾ ಮಧ್ಯಲೋ?", ನಡುವೆ ನೀನ್ಯಾರಯ್ಯ, ಎಂದು ರೇಗಿದ. ಜನ ಮಾತ್ರ, ಹೊಸ ಇನ್‌ಸ್ಪೆಕ್ಟರ್ ಇರಬೇಕೆಂದು, ಛತ್ರಿ ಎತ್ತಿದಾಗೆಲ್ಲ ತಲೆ ತಗ್ಗಿಸಿ ಒಬ್ಬೊಬ್ಬರೇ ಹತ್ತಿದರು. ಬಸ್ಸು ಅಷ್ಟು ಸುಸೂತ್ರವಾಗಿ ತುಂಬಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಕೊನೆಯ ಸೀಟು ತುಂಬಿತು, ಕಂಡಕ್ಟರ್ ಸೀಟಿ ಊದಿದ, ಬಸ್ಸು ರಾಯಚೂರಿಗೆ ಹೋಯಿತು. ಮಾವ ಛತ್ರಿ ಹಿಡಿದುಕೊಂಡು ಕೆಳಗೇ ಇದ್ದರು. ಅವರೂ ಅದೇ ಬಸ್ಸಿಗೆ ಹೋಗಬೇಕಿತ್ತು.

ಇನ್ನೊಂದು ಸಲ ಏಟು ಬಿದ್ದದ್ದು ನನಗೆ. ನಲವತ್ತರ ಅಂಚಿನಲ್ಲಿದ್ದೆ, ಮದುವೆಯಾಗಿರಲಿಲ್ಲ. ಗದ್ವಾಲಿನಲ್ಲಿ ಒಂದು ಸಂಬಂಧ ಕೂಡಿಬಂತು. ಹೆಣ್ಣಿನವರು ಒಳ್ಳೆಯ ಜನ. ಹೆಣ್ಣು ಗದ್ವಾಲ್ ಸೀರೆ ಉಟ್ಟು ಚಹಾ ತಂದುಕೊಟ್ಟು, ನನ್ನ ಕಡೆ ನೋಡಿ ಜರಾ ನಕ್ಕಳು ಕೂಡ. ನನಗೆ ಆಗಲೇ, ಈಕೆ ಒಪ್ಪಿಬಿಟ್ಟರೆ ಕೋಣೆ ಸಾಲುತ್ತದೋ ಇಲ್ಲವೋ ಎಂಬ ಚಿಂತೆ ಶುರುವಾಯಿತು. ಹೆಣ್ಣಿನ ತಂದೆ ಮಾವನನ್ನು ಕೇಳಿದರು, "ಹುಡುಗನ ಸ್ವಭಾವ ಹೆಂಗ್ರಿ?"

ನಾನು ಕಣ್ಣಲ್ಲೇ ಬೇಡಿಕೊಂಡೆ. ಮಾವನ ಕಣ್ಣು ಎಲ್ಲೋ ಇತ್ತು.

"ಒಳ್ಳ್ಯಾಂವ ಅದಾನ್ರಿ. ಆದ್ರ ಇವನ ಮನಸ್ಸಿನ್ಯಾಗ ಒಂದೊಂದಕ್ಕ ಮಾತ್ರ ಜಾಗ. ಈಗಾಗಲೇ ಒಂದು ಒಳಗ ಕುಂತೈತಿ. ಅದು ಹೊರಗ ಹೋಗೋತನಕ ಎರಡನೇದು ಬರಾಕ ಆಗಂಗಿಲ್ಲ."

ಮಾವ ಹೇಳಿದ್ದು ನನ್ನ ಚಿಂತೆಯ ವಿಚಾರ. ಹೆಣ್ಣಿನ ತಂದೆ ಚಹಾದ ಬಟ್ಟಲು ಕೆಳಗಿಟ್ಟರು. "ಅಂದ್ರ ಮೊದಲನೇಕಿ ಮಕ್ತಲದಾಗ ಅದಾಳೇನ್ರಿ?"

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಬಹಳ ನೊಂದುಕೊಂಡರು. ನನಗಾಗಿ ಅಲ್ಲ, ಆ ಮನುಷ್ಯನಿಗೆ ಚಾರ್ಜಿನ ಸ್ವಭಾವ ತಿಳಿಯಲಿಲ್ಲವಲ್ಲ ಎಂದು. ಆಮೇಲೆ ನನಗೆ ಬೇರೆ ಸಂಬಂಧ ಕೂಡಿಬರಲಿಲ್ಲ. ನಾನೂ ಒಂಟಿ ಎಲೆಕ್ಟ್ರಾನಿನ ಹಾಗೆ ಎದುರಿನ ಕೋಣೆಯಲ್ಲೇ ಉಳಿದೆ.

ಹೀಗೇ ವರ್ಷಗಳು ಹೋಗಿ ಮಾವನ ಪ್ರಬಂಧ ಮುಗಿಯಿತು, ಮೌಖಿಕ ಪರೀಕ್ಷೆಯ ದಿನ ಬಂತು. ಫೈಲು ಹಿಡಿದುಕೊಳ್ಳಲು ನಾನೂ ಹೈದರಾಬಾದಿಗೆ ಹೋದೆ. ಅವ್ವ ಮೈಲಾರನ ಭಂಡಾರದ ಅರಿಶಿನವನ್ನು ಮಗನ ಹಣೆಗೆ ಎಷ್ಟು ಧಾರಾಳವಾಗಿ ಬಳಿದು ಕಳಿಸಿದ್ದಳೆಂದರೆ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೊದಲ ಐದು ನಿಮಿಷ ಆ ಹಳದಿಯನ್ನೇ ನೋಡುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಮಾವ ಚೆನ್ನಾಗಿಯೇ ಮಾತಾಡಿದರು. ಒಂದು ಎಲೆಕ್ಟ್ರಾನ್ ಬಂದಾಗ ಗ್ರಾಫಿನ ಗೆರೆ ಹೇಗೆ ಏಳುತ್ತದೆ, ಆಮೇಲೆ ಹೇಗೆ ಮಲಗುತ್ತದೆ, ಪಕ್ಕದಲ್ಲಿ ಇನ್ನಾವುದೋ ಪುಂಡ ಚಾರ್ಜು ಬಂದು ಕೂತರೆ ಗೆರೆಯೆಲ್ಲ ಹೇಗೆ ಜರುಗುತ್ತದೆ, ಎಲ್ಲ ತೋರಿಸಿದರು. ಪರೀಕ್ಷಕರು ತಲೆದೂಗಿದರು. ಕೊನೆಗೆ ಒಂದೇ ಒಂದು ಸಣ್ಣ ಪ್ರಶ್ನೆ ಕೇಳಿದರು.

"ನಿಮ್ಮ ಚುಕ್ಕೆಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನುಗಳಿವೆ?"

ಮಾವ ನೆಟ್ಟಗೆ ನಿಂತರು. "ಇದ್ದಷ್ಟು ಇವೆ ಸರ್."

"ಅಂದರೆ?"

"ಒಂದು ಬಂದರೆ ಗೊತ್ತಾಗುತ್ತದೆ. ಒಂದು ಹೋದರೆ ಗೊತ್ತಾಗುತ್ತದೆ. ಒಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ ಸರ್."

"ನಿಮ್ಮಲ್ಲಿ ಎಂದರೆ? ಈ ಪ್ರಯೋಗಾಲಯದಲ್ಲೇ?"

"ಅಲ್ಲ ಸರ್. ನಮ್ಮ ಮನೆಯಲ್ಲಿ."

ಮಾವನ ಗೈಡು ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದು ನನಗೆ ಹಿಂದಿನ ಸಾಲಿನಿಂದಲೂ ಕಂಡಿತು. ಪರೀಕ್ಷಕರು ಸಿಟ್ಟಾಗಲಿಲ್ಲ, ಅದೇ ಇನ್ನೂ ಕೆಟ್ಟದ್ದು. ಚುಕ್ಕೆಯನ್ನು ಪೂರ್ತಿ ಖಾಲಿ ಮಾಡಿ, ಎಣಿಸಿ, ಸಂಖ್ಯೆ ತನ್ನಿ, ಆಮೇಲೆ ಕೂರೋಣ ಎಂದು ಬರೆದುಕೊಟ್ಟು ಹೋದರು. ನೋಂದಣಿಯ ಅವಧಿಯನ್ನು ಇನ್ನೊಂದೇ ಸಲ ವಿಸ್ತರಿಸಬಹುದಿತ್ತು. ಅಷ್ಟರೊಳಗೆ ಸಂಖ್ಯೆ ಸಿಗದಿದ್ದರೆ ಒಂಬತ್ತು ವರ್ಷದ ಕಾವಲು ಮಣ್ಣುಪಾಲು. ಅಕ್ಕನ ಅಷ್ಟೂ ಹಬ್ಬಗಳು ಮಣ್ಣುಪಾಲು.

ಮನೆಗೆ ಬಂದು ಹೇಳಿದಾಗ ಅವ್ವ ಮಗನನ್ನು ಬೈಯಲಿಲ್ಲ. ಪರೀಕ್ಷಕರನ್ನು ಬೈದಳು. "ನಮ್ಮ ಹಿಂಡಿನ ಲೆಕ್ಕಾ ಕೇಳಾಕ ಆಂವ ಯಾರು? ಮಂದಿ ಮನ್ಯಾಗಿಂದು ಕೇಳಬಾರದಂತ ಅವರವ್ವ ಕಲಿಸಿಲ್ಲೇನು?"

"ಹೇಳಬೇಕಾಗತೈತಿ ಯವ್ವಾ. ಒಂದೊಂದ ಹೊರಗ ಹಾಕಿಕೋತ ಹೋಗಬೇಕು. ಇನ್ನ ಯಾವದೂ ಹೊರಬರಂಗಿಲ್ಲ ಅಂದಾಗ ಖಾಲಿ ಆತಂತ ಅರ್ಥ. ಅಲ್ಲೀತನಕ ಎಷ್ಟು ಹೊರಬಂದಾವೋ ಅದ ಲೆಕ್ಕ."

ಅವ್ವ ಸೊಂಟದ ಚೀಲ ಮುಟ್ಟಿ ನೋಡಿಕೊಂಡಳು. "ದೊಡ್ಡಿ ಖಾಲಿ ಆದಮ್ಯಾಲ ಲೆಕ್ಕಾ ತಗೊಂಡು ಏನು ಮಾಡ್ತೀಯೋ ಮಗನ?"

ಮಾವ ಹೈದರಾಬಾದಿಗೆ ಹೊರಡಲು ಬ್ಯಾಗು ತುಂಬತೊಡಗಿದರು.

ಆಗ ಕಾಲ ಎಂಥದ್ದು? ಪ್ರತ್ಯೇಕ ರಾಜ್ಯಕ್ಕಾಗಿ ಎಲ್ಲೆಲ್ಲೂ ಹೋರಾಟ. ಬಂದ್ ಮುಗಿಯುವುದರೊಳಗೆ ಇನ್ನೊಂದು ಬಂದ್. ನನಗಂತೂ ಚಿಂತೆಯ ಸುಗ್ಗಿ. ಹೊಸ ರಾಜ್ಯ ಬಂದರೆ ಗಡಿಯಲ್ಲಿ ಕೂತ ನಮ್ಮ ಕನ್ನಡ ಶಾಲೆಯ ಗತಿ ಏನು, ನಾವು ಆ ಕಡೆಯವರೋ ಈ ಕಡೆಯವರೋ ಎಂದು ಮಾವನನ್ನು ಕೇಳಿದೆ. "ಚುಕ್ಕಿ ಎರಡು ಅಕ್ಕಪಕ್ಕ ಇದ್ರ ಎಲೆಕ್ಟ್ರಾನು ಎರಡರಾಗೂ ಇರತೈತೋ ಮಾಸ್ತರ. ಯಾರರ ಬಂದು ಹಣಿಕಿ ನೋಡಿದಾಗ ಮಾತ್ರ ಒಂದು ಕಡೆ ಕುಂದರತೈತಿ. ನೀ ಸುಮ್ಮನ ಪಾಠಾ ಹೇಳು" ಎಂದು ಬ್ಯಾಗು ಹೆಗಲಿಗೇರಿಸಿ ಹೈದರಾಬಾದಿನ ಬಸ್ಸು ಹತ್ತಿದರು. ಅವರು ಹೋದ ಮೂರನೇ ದಿನವೇ ಮುಷ್ಕರ ಶುರುವಾಗಿ ಬಸ್ಸುಗಳೆಲ್ಲ ನಿಂತವು.

ಅಲ್ಲಿ ಅವರ ಚುಕ್ಕೆ ಭಯಂಕರ ತಣ್ಣನೆಯ ಯಂತ್ರದೊಳಗಿತ್ತು. ಅಷ್ಟು ಚಳಿಯಿಲ್ಲದಿದ್ದರೆ ಎಲೆಕ್ಟ್ರಾನುಗಳು ಶಾಖಕ್ಕೆ ಕುಣಿದಾಡಿ ಬೇಲಿಗೀಲಿ ಲೆಕ್ಕಿಸುವುದಿಲ್ಲವಂತೆ. ಕರೆಂಟು ಹೋಗಿ ಯಂತ್ರ ಬೆಚ್ಚಗಾದರೆ ಒಳಗಿನ ಚಾರ್ಜುಗಳೆಲ್ಲ ಜಾಗ ಬದಲಿಸುತ್ತವೆ. ಮತ್ತೆ ತಣ್ಣಗೆ ಮಾಡಿದರೂ ಅದು ಬೇರೆಯೇ ಚುಕ್ಕೆ, ಮತ್ತೆ ಮೊದಲಿನಿಂದ ಕಾವಲು. ಹೀಗಾಗಿ ಮಾವ ಜಾಗ ಬಿಟ್ಟು ಏಳಲಿಲ್ಲ. ಏಳಬೇಕೆಂದರೂ ಬಸ್ಸಿರಲಿಲ್ಲ. ಫೋನು ಮಾಡಿದರೆ, "ಇವತ್ತು ಎರಡು ಹ್ವಾದುವು" ಎಂದು ಹೇಳಿ ಇಟ್ಟುಬಿಡುವರು. ಅಕ್ಕ "ಊಟಾ ಆತೇನ್ರಿ?" ಎಂದು ಕೇಳುವಷ್ಟರಲ್ಲಿ ಆ ಕಡೆ ಯಾರೂ ಇರುತ್ತಿರಲಿಲ್ಲ.

ಇಲ್ಲಿ ಮಕ್ತಲಿನಲ್ಲಿ ನನಗೆ ಬೇರೆಯೇ ಆಪತ್ತು ಎದುರಾಯಿತು. ಮಾವ ಹೋದ ಸಂಜೆ ಅವ್ವ ಕುರಿಗಳನ್ನು ಒಳಗೆ ಬಿಡುವುದನ್ನು ನೋಡುತ್ತಿದ್ದೆ. ಕೊನೆಯ ಕುರಿಯೂ ಹೋಯಿತು. ಅಡವಿಯ ಚೀಲದಲ್ಲಿ ಒಂದು ಕಲ್ಲು ಉಳಿದಿತ್ತು. ಅವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಟ್ಟೆಯ ಮೇಲೆ ಕೂತಳು.

"ಅವ್ವಾ, ಒಂದು ಕುರಿ ಬಂದಿಲ್ಲರಿ" ಎಂದೆ.

"ಕುರಿ ಎಲ್ಲಾ ಬಂದಾವ. ನೀ ಹೋಗಿ ರೊಟ್ಟಿ ತಿನ್ನು."

ನಾನು ರೊಟ್ಟಿ ತಿನ್ನುವ ಆಸಾಮಿಯೇ? ಮುದುಕಿಗೆ ಕಣ್ಣು ಮಂಜಾಗಿದೆ, ತಪ್ಪಿಸಿಕೊಂಡ ಕುರಿ ತೋಳದ ಬಾಯಿಗೆ ಬಿದ್ದಿದೆ ಎಂದು ನಿಶ್ಚಯಿಸಿದೆ. ಮರುದಿನವೂ ಒಂದು ಕಲ್ಲು ಉಳಿಯಿತು, ಅದರ ಮರುದಿನವೂ. ಶಾಲೆ ಬಿಟ್ಟ ಕೂಡಲೇ ಕೆರೆಯ ಹಿಂದೆ, ಜೋಳದ ಹೊಲಗಳಲ್ಲಿ, ಜಾಲಿಯ ಮೆಳೆಗಳಲ್ಲಿ "ಬ್ಯಾ ಬ್ಯಾ" ಎನ್ನುತ್ತ ಅಲೆದೆ. ನನ್ನ ಬ್ಯಾ ಕೇಳಿ ಎರಡು ಬೇರೆಯವರ ಕುರಿ ಹಿಂಬಾಲಿಸಿ ಬಂದವು. ಅವುಗಳ ಹಿಂದೆ ಅವುಗಳ ಯಜಮಾನ ಕೋಲು ಹಿಡಿದು ಬಂದ. "ಮಾಸ್ತರ ಆಗಿ ಇಂಥಾ ದಂಧೆ ಮಾಡ್ತೀರೇನ್ರಿ?" ಎಂದು ಅವನು ಕೇಳುವಷ್ಟರಲ್ಲಿ ನಾನು ಜೋಳದ ಹೊಲ ದಾಟಿದ್ದೆ.

ಕೊನೆಗೆ ಮಾಡಬಾರದ್ದನ್ನು ಮಾಡಿದೆ. ಅವ್ವ ಸ್ನಾನಕ್ಕೆ ಹೋದಾಗ ದೊಡ್ಡಿಯ ಕುರಿ ಎಣಿಸಿದೆ, ಚೀಲದ ಕಲ್ಲೂ ಎಣಿಸಿದೆ. ಎಷ್ಟಿದ್ದವು ಎಂದು ಇಲ್ಲಿ ಬರೆಯುವುದಿಲ್ಲ. ಅಷ್ಟು ಧೈರ್ಯ ನನಗಿಲ್ಲ. ಕಲ್ಲು ಒಂದು ಹೆಚ್ಚಿತ್ತು, ಅಷ್ಟು ಮಾತ್ರ ಹೇಳುತ್ತೇನೆ. ಹಿಂದಿರುಗಿ ನೋಡಿದರೆ ಅವ್ವ ಒದ್ದೆ ಕೂದಲು ಹಿಂಡುತ್ತ ನಿಂತಿದ್ದಳು. "ಎಣಿಸಿದ್ಯಾ?" ಎಂದಳು. "ಇಲ್ಲರಿ" ಎಂದೆ. ಬೆರಳು ಇನ್ನೂ ಮಡಚಿಕೊಂಡೇ ಇದ್ದವು.

ಮೂರು ವಾರದ ಮೇಲೆ ಬಸ್ಸು ಬಿಟ್ಟವು. ಗಡ್ಡ ಬೆಳೆದು ಬೈರಾಗಿಯಂತಾಗಿದ್ದ ಮಾವ, ನಾನು ಶಾಲೆಯಲ್ಲಿದ್ದಾಗ ಮನೆಗೆ ಬಂದರು. ಚುಕ್ಕೆ ಖಾಲಿಯಾಗಿತ್ತು, ಸಂಖ್ಯೆ ಸಿಕ್ಕಿತ್ತು. ಅದೇ ಸಂಜೆ ಅವ್ವನ ಕೈಯಲ್ಲಿ ಕಲ್ಲೂ ಉಳಿಯಲಿಲ್ಲ. ಕುರಿ ತಾನಾಗಿಯೇ ಮನೆಗೆ ಬಂದಿತ್ತು, ನೋಡಿ! ನನ್ನ ಹುಡುಕಾಟದ ಪುಣ್ಯವೆಂದು ಒಳಗೊಳಗೇ ಹಿಗ್ಗಿದೆ. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನನ್ನಷ್ಟು ದಡ್ಡ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ.

ಎರಡನೆಯ ಮೌಖಿಕ ಪರೀಕ್ಷೆ ಬಿದ್ದದ್ದು ಹೊಸ ರಾಜ್ಯ ಹುಟ್ಟುವ ವಾರದಲ್ಲೇ. ಮತ್ತೆ ಫೈಲು ಹಿಡಿದು ನಾನು, ಹಣೆ ತುಂಬ ಭಂಡಾರ ಬಳಿದುಕೊಂಡು ಮಾವ. ಅದೇ ಪರೀಕ್ಷಕರು. "ಈಗ ಹೇಳಿ. ಎಷ್ಟು?"

ಮಾವ ಬಾಯಿ ತೆರೆದರು. ಮುಚ್ಚಿದರು. ನನ್ನ ಹತ್ತೂ ಉಗುರು ಮುಗಿದಿದ್ದವು. ಮಾವನ ಹಣೆಯ ಭಂಡಾರ ಬೆವರಿನಲ್ಲಿ ಕರಗಿ ಮೂಗಿನ ತುದಿಗೆ ಇಳಿಯಿತು. ಆಮೇಲೆ ಅವರು ಜೇಬಿನಿಂದ ಬಸ್ ಟಿಕೆಟ್ ತೆಗೆದು, ಅದರ ಹಿಂಭಾಗದಲ್ಲಿ ಏನೋ ಬರೆದು, ನಾಲ್ಕು ಮಡಿಕೆ ಮಾಡಿ, ಮೇಜು ಸುತ್ತಿ ಹೋಗಿ ಪರೀಕ್ಷಕರ ಕೈಗೇ ಕೊಟ್ಟರು. "ತಾವೊಬ್ಬರೇ ನೋಡಿ ಸರ್."

ಪರೀಕ್ಷಕರು ಮಡಿಕೆ ಬಿಚ್ಚಿದರು, ಪ್ರಬಂಧದ ಹೊಸ ಗೆರೆಗಳನ್ನು ಒಂದೊಂದೇ ಬೆರಳಿಟ್ಟು ನೋಡಿದರು. ಆಮೇಲೆ ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡು, "ಸರಿಯಾಗಿದೆ. ನಾನೂ ಯಾರಿಗೂ ಹೇಳುವುದಿಲ್ಲ" ಎಂದರು. ಪ್ರಬಂಧದಲ್ಲಿ ಆ ಸಂಖ್ಯೆ ಅಚ್ಚಾಗಿರಲೇಬೇಕು, ನಿಜ. ಆದರೆ ನಮ್ಮ ಮನೆಯಲ್ಲಿರುವ ಪ್ರತಿಯಲ್ಲಿ ಆ ಹಾಳೆಗೆ ಮಾವ ಅಂಟು ಹಚ್ಚಿಬಿಟ್ಟಿದ್ದಾರೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಮೆರವಣಿಗೆ, ಡೊಳ್ಳು, ಮಿಠಾಯಿ. ಬಸ್ಸು ಕುಂಟುತ್ತ ಬಂತು. ಪಕ್ಕದ ಸೀಟಿನವನು ದೇಶಕ್ಕೆ ಈಗ ಇಪ್ಪತ್ತೊಂಬತ್ತು ರಾಜ್ಯವಾಯಿತು ಎಂದು ಬೀಗಿದಾಗ ಮಾವನಿಗೆ ಕಸಿವಿಸಿಯಾಯಿತು. "ಒಂದು ಹೆಚ್ಚಾತು ಅಂದ್ರ ಸಾಕಿತ್ತಲ್ಲೋ" ಎಂದು ನನ್ನ ಕಿವಿಯಲ್ಲಿ ಗೊಣಗಿದರು.

ಮಕ್ತಲು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕುರಿಗಳು ಆಗಲೇ ದೊಡ್ಡಿಯಲ್ಲಿದ್ದವು. ಅವ್ವ ಮನೆಯ ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು, ಬಾಗಿಲಿಗೆ ಅಡ್ಡ ಕೋಲು ಹಿಡಿದು. ಬಲಗೈ ಮುಷ್ಟಿ ಮಡಚಿತ್ತು.

"ಆತೇನು?" ಎಂದಳು.

"ಆತು ಯವ್ವಾ."

"ಲೆಕ್ಕಾ ಹೇಳಿದ್ಯಾ?"

"ಬಾಯಿಲೆ ಹೇಳಲಿಲ್ಲ."

ಅವ್ವ ಕೋಲು ಎತ್ತಿದಳು. ಐವತ್ತು ದಾಟಿದ, ಅಂದೇ ಡಾಕ್ಟರೇಟ್ ಪಡೆದ ಮಾವ ತಲೆ ತಗ್ಗಿಸಿ ಅದರ ಕೆಳಗೆ ಹಾದು ಒಳಗೆ ಹೋದರು. ದಿನಾ ಸಂಜೆ ಹಾಗೇ ಹೋಗುವವರಂತೆ ಹೋದರು. ಅವ್ವ ಮುಷ್ಟಿ ಬಿಚ್ಚಿ, ಆ ಒಂದು ಕಲ್ಲನ್ನು ಮನೆಯ ಚೀಲಕ್ಕೆ ಹಾಕಿದಳು. ಟಕ್ ಎಂದಿತು.

ಮೂರು ವಾರ ಜಾಲಿಯ ಮೆಳೆಗಳಲ್ಲಿ ನಾನು ಹುಡುಕಿದ ಕುರಿ ಯಾವುದೆಂದು ನನಗೆ ಆಗ ಗೊತ್ತಾಯಿತು.

ಫೈಲು ಹಿಡಿದು ನಾನೂ ಹೊಸಿಲ ಕಡೆ ಹೆಜ್ಜೆ ಇಟ್ಟೆ. ಕೋಲು ಇಳಿದಿತ್ತು. "ನಿಲ್ಲು" ಎಂದಳು ಅವ್ವ. ಅಂದು ಕುರಿ ಎಣಿಸಿದ್ದಕ್ಕೆ ಇಂದು ಶಿಕ್ಷೆ ಎಂದುಕೊಂಡೆ. ಆಕೆ ಬಗ್ಗಿ, ಅಂಗಳದ ಮಣ್ಣಿನಲ್ಲಿ ಕೈಯಾಡಿಸಿ, ಒಂದು ಸಣ್ಣ ಕಲ್ಲು ಹೆಕ್ಕಿ, ಸೀರೆಯ ಸೆರಗಿನಿಂದ ಒರೆಸಿ, ಮನೆಯ ಚೀಲಕ್ಕೆ ಹಾಕಿದಳು. ಆಮೇಲೆ ಕೋಲು ಎತ್ತಿದಳು.

"ಒಂದು ಹೆಚ್ಚಾತು. ಒಳಗ ನಡಿ, ರೊಟ್ಟಿ ಆರತಾವ."

ಈಗಲೂ ನಾನು ಚಿಂತೆ ಮಾಡುವುದನ್ನು ಬಿಟ್ಟಿಲ್ಲ. ಆದರೆ ಶಾಲೆಯಲ್ಲಿ ಸ್ವಲ್ಪ ತಡವಾದರೂ ಮೊದಲು ಬರುವ ಚಿಂತೆ ಈಗ ಒಂದೇ. ಮುದುಕಿ ಕಲ್ಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿರುತ್ತಾಳೆ, ಬೇಗ ಹೋಗಬೇಕು.